ಮೀಟರಿನ ಅಂಕಿ ನೋಡಿದ್ದೀರಾ?



ಚಚಡಿಯಲ್ಲಾಗಲಿ, ಸವದತ್ತಿಯಲ್ಲಾಗಲಿ, ತಿಂಗಳಿಗೊಮ್ಮೆ ಹೆಸ್ಕಾಂನ ಮೀಟರ್ ರೀಡರ್ ಬಂದು ಕೈಯಲ್ಲಿನ ಯಂತ್ರದಿಂದ ಚೀಟಿ ಹರಿದು ಕೊಟ್ಟು ಹೋಗುತ್ತಾರೆ. ನೀವು ಅದರಲ್ಲಿ ಮೊದಲು ನೋಡುವುದು ಹಣವನ್ನು, ಅಲ್ಲವೇ? "ಜೀರೋ ಬಂದೈತ್ರೀ" ಎಂದು ಚೀಟಿಯನ್ನು ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿಬಿಟ್ಟರೆ ಮುಗಿಯಿತು. ಹಣ ಸೊನ್ನೆಯಾದ ಮೇಲೆ ಯೂನಿಟ್ ಎಷ್ಟೆಂದು ಕೇಳುವವರೇ ಇಲ್ಲ.

ಕೇಳಬೇಕು. 2023ರ ಜುಲೈ 1ರಿಂದ ಜಾರಿಗೆ ಬಂದ ಗೃಹಜ್ಯೋತಿಯಲ್ಲಿ 200 ಯೂನಿಟ್ ಎಲ್ಲರಿಗೂ ಉಚಿತವೆಂದು ಹಲವರು ತಿಳಿದಿದ್ದಾರೆ. ಹಾಗಲ್ಲ. 2022-23ರಲ್ಲಿ ನಿಮ್ಮ ಮನೆಯ ತಿಂಗಳ ಸರಾಸರಿ ಎಷ್ಟಿತ್ತೋ ಅದಕ್ಕೆ ಶೇ. 10 ಸೇರಿಸಿ ಮಿತಿ ಗೊತ್ತುಮಾಡಲಾಯಿತು. ಸರಾಸರಿ 60 ಇದ್ದ ಮನೆಗೆ ಮಿತಿ 66. ಆ ಮನೆ 80 ಉರಿಸಿದರೆ ಮೇಲಿನ 14ಕ್ಕೆ ಹಣ ಕಟ್ಟಬೇಕು. 200 ದಾಟಿದರೆ ಪೂರ್ತಿ ಬಿಲ್ಲು. (ಅಂದು ಮಿತವಾಗಿ ಬಳಸಿದವರಿಗೇ ಕಡಿಮೆ ಮಿತಿ ಸಿಕ್ಕಿತು! ಈ ನ್ಯಾಯ ನನಗಂತೂ ಒಪ್ಪಿಗೆಯಾಗಿಲ್ಲ.)

ಬಳಕೆಯ ಲೆಕ್ಕವನ್ನು ಮನೆಯವರಿಗೆ ತೋರಿಸಿದರೆ ಸಾಕೇ, ಅವರು ತಗ್ಗಿಸುತ್ತಾರೆಯೇ? ಅಮೆರಿಕದ ಕ್ಯಾಲಿಫೋರ್ನಿಯಾದ ಸ್ಯಾನ್ ಮಾರ್ಕೋಸ್ ಊರಿನಲ್ಲಿ ವಿದ್ವಾಂಸರು ಇದನ್ನೇ ಪರೀಕ್ಷಿಸಿ 2007ರಲ್ಲಿ ಪ್ರಕಟಿಸಿದರು. ಮೀಟರು ಓದಿ, "ನೀವು ಇಷ್ಟು ಬಳಸಿದ್ದೀರಿ, ನೆರೆಹೊರೆಯವರ ಸರಾಸರಿ ಇಷ್ಟು" ಎಂದು ಬರೆದ ಚೀಟಿಯನ್ನು ಬಾಗಿಲಿಗೆ ತೂಗುಹಾಕಿದರು. ಹೆಚ್ಚು ಬಳಸುತ್ತಿದ್ದವರು ಕಡಿಮೆ ಮಾಡಿದರು. ಆದರೆ ಕಡಿಮೆ ಬಳಸುತ್ತಿದ್ದವರು ಹೆಚ್ಚು ಮಾಡಿದರು! "ಎಲ್ಲರೂ ಉರಿಸುವಾಗ ನಾವೇಕೆ ಕತ್ತಲಲ್ಲಿರಬೇಕು?" ಎಂಬ ಮನುಷ್ಯ ಸ್ವಭಾವ. ಅಂಥವರ ಚೀಟಿಯಲ್ಲಿ ಒಂದು ನಗುಮುಖ ಬರೆದಾಗ ಈ ಏರಿಕೆ ನಿಂತುಹೋಯಿತು. ಮುಂದೆ ಓಪವರ್ ಎಂಬ ಕಂಪನಿ ಲಕ್ಷಾಂತರ ಮನೆಗಳಿಗೆ ಇಂಥ ಪತ್ರಗಳನ್ನು ಕಳಿಸಿತು. ಉಳಿತಾಯ ಸರಾಸರಿ ಶೇ. 2ರಷ್ಟು. ದೊಡ್ಡದಲ್ಲ, ಆದರೆ ಖರ್ಚು ಬರೀ ಕಾಗದದ್ದು.

ನಮಗೆ ಅಂಥ ಪತ್ರ ಬರುವವರೆಗೆ ಕಾಯಬೇಕಿಲ್ಲ. ಮೀಟರಿನ ಪರದೆಯಲ್ಲಿ ಅಂಕಿಗಳು ಒಂದಾದ ಮೇಲೊಂದು ಬರುತ್ತವೆ, ಕೆ.ಡಬ್ಲ್ಯು.ಎಚ್. ಎಂದಿರುವುದೇ ಯೂನಿಟ್. ರಾತ್ರಿ ಮಲಗುವಾಗ ಒಮ್ಮೆ, ಬೆಳಿಗ್ಗೆ ಎದ್ದೊಡನೆ ಒಮ್ಮೆ ಬರೆದುಕೊಳ್ಳಿ. ನಿದ್ದೆಯಲ್ಲಿದ್ದಾಗಲೂ ಮನೆ ಎಷ್ಟು ಉಂಡಿತೆಂದು ತಿಳಿಯುತ್ತದೆ. 75 ವ್ಯಾಟಿನ ಹಳೆಯ ಫ್ಯಾನು ದಿನಕ್ಕೆ 10 ತಾಸು ತಿರುಗಿದರೆ ತಿಂಗಳಿಗೆ 22 ಯೂನಿಟ್ ದಾಟುತ್ತದೆ; 30 ವ್ಯಾಟಿನ ಬಿ.ಎಲ್.ಡಿ.ಸಿ. ಫ್ಯಾನಿಗೆ 9 ಸಾಕು. ನೀರು ಕಾಯಿಸುವ 2000 ವ್ಯಾಟಿನ ಗೀಸರು ದಿನಾ ಅರ್ಧ ತಾಸು ಉರಿದರೂ ತಿಂಗಳಿಗೆ 30. ಬಲ್ಬುಗಳ ಮೇಲೆ ಸಿಡುಕುವ ಯಜಮಾನರು ಈ ಗೀಸರನ್ನು ಮರೆತೇಬಿಡುತ್ತಾರೆ.

ಬರೆಯುವ ಕೆಲಸ ಮಕ್ಕಳಿಗೆ ಕೊಡಿ, ಕಡಿಮೆಯಾದ ವಾರ ಕ್ಯಾಲೆಂಡರಿನಲ್ಲಿ ನಗುಮುಖ ಬರೆಯಲಿ. ಆದರೆ ಈ ಲೆಕ್ಕ ಹಿಡಿದು ಏಪ್ರಿಲ್ ಬಿಸಿಲಿನಲ್ಲಿ ಅಜ್ಜಿಯ ಫ್ಯಾನು ಆರಿಸಬೇಡಿ, ಓದುವ ಹುಡುಗಿಯ ದೀಪವನ್ನೂ ಆರಿಸಬೇಡಿ. ರೀಡರ್ ಬಂದ ದಿನ ನಿಮ್ಮ ಅಂಕಿಯನ್ನೂ ಚೀಟಿಯ ಅಂಕಿಯನ್ನೂ ತಾಳೆ ನೋಡಿ. ಹೊಂದದಿದ್ದರೆ ಚೀಟಿ ಹಿಡಿದುಕೊಂಡು ಶಾಖಾ ಕಚೇರಿಗೆ ಹೋಗಿ ಕೇಳಿ.