ಹಳೇ ಲೆದರ್ ಬ್ಯಾಗು: ನೀರು ಮುಟ್ಟಿಸೋ ಮುಂಚೆ

ಮೆಟೀರಿಯಲ್ ಸೈನ್ಸ್ ಪೇಪರಿನಲ್ಲಿ ನಾವು ಉಕ್ಕು ಓದ್ತೀವಿ, ಪಾಲಿಮರ್ ಓದ್ತೀವಿ, ಸಿರಾಮಿಕ್ ಓದ್ತೀವಿ. ಮನುಷ್ಯ ಸಾವಿರಾರು ವರ್ಷಗಳಿಂದ ಬಳಸ್ತಾ ಬಂದ ಚರ್ಮದ ಬಗ್ಗೆ ಮಾತ್ರ ಒಂದು ಯೂನಿಟ್ಟೂ ಇಲ್ಲ. ಹಾಗಾಗಿ ಬೀರುವಿನ ತಳದಲ್ಲಿ ದೊಡ್ಡಮ್ಮನ ಕಾಲದ ಹ್ಯಾಂಡ್‌ಬ್ಯಾಗು ಸಿಕ್ಕಾಗ, ಅಥವಾ ಸೆಕೆಂಡ್ ಹ್ಯಾಂಡ್ ಬಜಾರಿನಲ್ಲಿ ಒಂದು ಹಳೇ ಬ್ಯಾಗು ಅಗ್ಗಕ್ಕೆ ಬಂದಾಗ, ಸಾಮಾನ್ಯವಾಗಿ ನಡೆಯೋದು ಎರಡೇ ಕೆಲಸ. ಒಂದೋ ಸೋಪು ಹಾಕಿ ತೊಳೆದು ಬಿಸಿಲಿಗೆ ಇಡ್ತಾರೆ, ಇಲ್ಲವೇ ಕೊಬ್ಬರಿ ಎಣ್ಣೆ ಸವರ್ತಾರೆ. ಮೂವತ್ತು ವರ್ಷ ಬಾಳಿದ ಬ್ಯಾಗು ಒಂದೇ ಮಧ್ಯಾಹ್ನದಲ್ಲಿ ಒಣಗಿದ ಹಪ್ಪಳ ಆಗಿರುತ್ತೆ.

ಈ ಪಾಠದಲ್ಲಿ ನಾವು ಹೇಳಹೊರಟಿರೋದು ಒಂದೇ ವಿಷಯ: ಒಂದು ಬ್ಯಾಗನ್ನ ಉಳಿಸೋ ನೀರು ಇನ್ನೊಂದು ಬ್ಯಾಗನ್ನ ಕೊಲ್ಲುತ್ತೆ. ಯಾವುದಕ್ಕೆ ಏನು ಅಂತ ತಿಳಿಯೋದಕ್ಕೆ ಮೊದಲು ಕೈಯಲ್ಲಿರೋದು ಏನು ಅಂತ ಗುರುತಿಸಬೇಕು. ಲೋಹದಲ್ಲಿ ತಪ್ಪಾದ್ರೆ ಕರಗಿಸಿ ಮತ್ತೆ ಎರಕ ಹೊಯ್ಯಬಹುದು. ಚರ್ಮಕ್ಕೆ ಆ ಅವಕಾಶ ಇಲ್ಲ.

ತೊಗಲು ಲೆದರ್ ಆಗೋದು ಹೇಗೆ

ಪ್ರಾಣಿಯ ತೊಗಲಿನ ಮುಖ್ಯ ವಸ್ತು ಕೊಲಾಜೆನ್ ಅನ್ನೋ ಪ್ರೋಟೀನ್. ಮೂರು ಸರಪಳಿ ಒಂದಕ್ಕೊಂದು ಹಗ್ಗದ ಹಾಗೆ ಹೆಣೆದುಕೊಂಡಿರೋ ಅಣು ಅದು. ಸುಮಾರು 300 ನ್ಯಾನೋಮೀಟರ್ ಉದ್ದ, 1.5 ನ್ಯಾನೋಮೀಟರ್ ದಪ್ಪ. ಇಂಥ ಅಣುಗಳು ಸೇರಿ ಎಳೆ, ಎಳೆಗಳು ಸೇರಿ ಕಟ್ಟು, ಕಟ್ಟುಗಳು ಎಲ್ಲ ದಿಕ್ಕಿಗೂ ಹೆಣೆದುಕೊಂಡು ತೊಗಲು. ಹಸಿ ತೊಗಲನ್ನ ಹಾಗೇ ಬಿಟ್ರೆ ಕೊಳೆಯುತ್ತೆ, ಒಣಗಿಸಿದ್ರೆ ತಗಡಿನ ಹಾಗೆ ಬಿರುಸಾಗುತ್ತೆ. ಆದ್ದರಿಂದ ಹದ ಮಾಡಬೇಕು.

ಹದ ಮಾಡೋ ದಾರಿಗಳಲ್ಲಿ ಎರಡು ಮುಖ್ಯ. ಮೊದಲನೆಯದು ಗಿಡಮರಗಳ ಟ್ಯಾನಿನ್. ಅಡಿಕೆ ಬೇಯಿಸಿದ ಚೊಗರು ನೋಡಿದವರಿಗೆ, ಬರೀ ಚಹಾದ ಒಗರು ನಾಲಿಗೆಗೆ ತಾಗಿದವರಿಗೆ ಟ್ಯಾನಿನ್ ಪರಿಚಯ ಹೊಸದೇನಲ್ಲ. ನಾಲಿಗೆ ಬಿಗಿದ ಹಾಗೆ ಆಗುತ್ತಲ್ಲ, ಅದು ಟ್ಯಾನಿನ್ ಪ್ರೋಟೀನನ್ನ ಹಿಡಿದುಕೊಳ್ಳೋ ರೀತಿ. ತೊಗಲಿನಲ್ಲೂ ಅದೇ ನಡೆಯುತ್ತೆ. ದಕ್ಷಿಣ ಭಾರತದಲ್ಲಿ ತಂಗಡಿ ಗಿಡದ ತೊಗಟೆ, ಅಳಲೆಕಾಯಿ ಬಳಸಿ ಹದ ಮಾಡಿದ ಚರ್ಮ ಮದರಾಸಿನಿಂದ ಹಡಗು ಹತ್ತಿ ಬ್ರಿಟನ್ನಿಗೆ ಹೋಗ್ತಿತ್ತು. ಅಲ್ಲಿ ಅದನ್ನ ಈಸ್ಟ್ ಇಂಡಿಯಾ ಲೆದರ್ ಅಂತಲೇ ಕರೀತಿದ್ರು.

ಎರಡನೆಯದು ಕ್ರೋಮಿಯಂ ಲವಣ. 1884ರಲ್ಲಿ ಅಮೆರಿಕದ ಆಗಸ್ಟಸ್ ಶುಲ್ಟ್ಸ್ ಇದಕ್ಕೆ ಪೇಟೆಂಟ್ ಪಡೆದ. ಟ್ಯಾನಿನ್ನಿನಲ್ಲಿ ವಾರಗಟ್ಟಲೆ, ತಿಂಗಳುಗಟ್ಟಲೆ ಹಿಡಿಯೋ ಕೆಲಸ ಕ್ರೋಮಿಯಂನಲ್ಲಿ ಒಂದೆರಡು ದಿನಕ್ಕೆ ಮುಗಿಯುತ್ತೆ. ಇವತ್ತಿನ ಹೆಚ್ಚಿನ ಲೆದರ್ ಈ ಜಾತಿಯದ್ದು.

ಇಬ್ಬರ ಸ್ವಭಾವ ಬೇರೆ ಬೇರೆ. ಒದ್ದೆ ಚರ್ಮವನ್ನ ಬಿಸಿ ಮಾಡ್ತಾ ಹೋದ್ರೆ ಒಂದು ತಾಪಮಾನದಲ್ಲಿ ಕೊಲಾಜೆನ್‌ನ ಹೆಣಿಗೆ ಬಿಚ್ಚಿ ಚರ್ಮ ಸುರುಟಿಕೊಳ್ಳುತ್ತೆ. ಹಸಿ ತೊಗಲಿಗೆ ಇದು ಸುಮಾರು 60 ಡಿಗ್ರಿ ಸೆಲ್ಸಿಯಸ್, ಟ್ಯಾನಿನ್ ಚರ್ಮಕ್ಕೆ 70ರಿಂದ 85, ಒಳ್ಳೆ ಕ್ರೋಮ್ ಚರ್ಮಕ್ಕೆ 100ರ ಆಸುಪಾಸು. ಹಳತಾಗಿ ಸವೆದ ಚರ್ಮದಲ್ಲಿ ಈ ಅಂಕಿ ಇನ್ನೂ ಕೆಳಗಿಳಿದಿರುತ್ತೆ. ಒದ್ದೆ ಬ್ಯಾಗಿಗೆ ಹೇರ್ ಡ್ರೈಯರ್ ಹಿಡೀಬೇಡಿ ಅಂತ ತಿಳಿದವರು ಹೇಳೋದು ಇದೇ ಕಾರಣಕ್ಕೆ.

ಇನ್ನೊಂದು ಹಂತ ಬಾಕಿ ಇದೆ. ಹದವಾದ ಚರ್ಮದ ಎಳೆಗಳು ಒಣಗೋವಾಗ ಒಂದಕ್ಕೊಂದು ಅಂಟಿಕೊಳ್ಳದಿರಲಿ ಅಂತ ಕಾರ್ಖಾನೆಯಲ್ಲಿ ನೀರಿನ ಜೊತೆ ಬೆರೆಸಿದ ಎಣ್ಣೆ ಉಣಿಸ್ತಾರೆ. ಬೇರಿಂಗಿಗೆ ಗ್ರೀಸ್ ಇದ್ದ ಹಾಗೆ. ವರ್ಷಗಳು ಕಳೆದಂತೆ ಈ ಎಣ್ಣೆ ಕಮ್ಮಿಯಾಗುತ್ತೆ, ಚರ್ಮ ಬಿರುಸಾಗುತ್ತೆ, ಮಡಿಕೆಯಲ್ಲಿ ಬಿರುಕು ಬೀಳುತ್ತೆ. ಹಳೇ ಬ್ಯಾಗಿನ ರಿಪೇರಿ ಅಂದ್ರೆ ಬಹುಪಾಲು ಈ ಗ್ರೀಸನ್ನ ಎಚ್ಚರಿಕೆಯಿಂದ ವಾಪಸ್ ಕೊಡೋದು.

ಮೊದಲು ನಾಲ್ಕು ಪರೀಕ್ಷೆ

ಇವಕ್ಕೆ ಲ್ಯಾಬು ಬೇಡ. ಕಣ್ಣು, ಬೆರಳು, ಒಂದು ಹನಿ ನೀರು ಸಾಕು.

1. ಇದು ಚರ್ಮವೇ ಅಲ್ಲವೇ? ಸಿಪ್ಪೆಯ ಹಾಗೆ ಪದರ ಎದ್ದು ಕೆಳಗೆ ಬಟ್ಟೆ ಕಾಣ್ತಿದ್ರೆ ಅದು ರೆಕ್ಸಿನ್ ಜಾತಿ. ಪಾಲಿಯುರೆಥೇನ್ ಲೇಪ ಗಾಳಿಯ ತೇವದಿಂದಲೇ ನಿಧಾನವಾಗಿ ಒಡೆಯುತ್ತೆ. ಜಲವಿಭಜನೆ ಅಂತ ಕೆಮಿಸ್ಟ್ರಿಯಲ್ಲಿ ಓದಿದ್ದೀವಲ್ಲ, ಅದೇ. ಇದಕ್ಕೆ ಯಾವ ಕ್ರೀಮೂ ಔಷಧಿ ಅಲ್ಲ. ಖರೀದಿಗೆ ಮುಂಚೆಯೇ ಇದನ್ನ ನೋಡಿ.

2. ಕತ್ತರಿಸಿದ ಅಂಚಿನ ಬಣ್ಣ ಏನು? ಬಣ್ಣ ಬಳಿಯದ ಅಂಚು ಸಿಕ್ಕರೆ ನಡುಭಾಗ ನೋಡಿ. ಕಂದು ಇದ್ರೆ ಟ್ಯಾನಿನ್ ಇರಬಹುದು, ನೀಲಿ-ಬೂದು ಛಾಯೆ ಇದ್ರೆ ಕ್ರೋಮ್. ಪೂರ್ತಿ ಬಣ್ಣ ಇಳಿದಿದ್ರೆ ಈ ಪರೀಕ್ಷೆ ಏನೂ ಹೇಳಲ್ಲ, ಅಲ್ಲಿಗೆ ಬಿಡಿ.

3. ಹನಿ ಏನಾಗುತ್ತೆ? ತಳದಲ್ಲೋ ಪಟ್ಟಿಯ ಹಿಂಬದಿಯಲ್ಲೋ ಒಂದು ಹನಿ ನೀರಿಡಿ. ಮುತ್ತಿನ ಹಾಗೆ ನಿಂತ್ರೆ ಮೇಲೆ ಪಿಗ್ಮೆಂಟ್ ಲೇಪ ಅಥವಾ ಮೇಣ ಇದೆ. ತಕ್ಷಣ ಇಂಗಿ ಕಪ್ಪಾದ್ರೆ ಮೈ ತೆರೆದ ಚರ್ಮ. ಒಣಗಿದ ಮೇಲೆ ಸುತ್ತ ಉಂಗುರದ ಕಲೆ ಉಳಿದ್ರೆ, ಆ ಬ್ಯಾಗಿಗೆ ನೀರು ದೂರ.

4. ಬೆರಳಿಗೆ ಪುಡಿ ಹತ್ತುತ್ತಾ? ಇಟ್ಟಿಗೆ ಬಣ್ಣದ ಹುಡಿ ಬಂದ್ರೆ ಅದಕ್ಕೆ ರೆಡ್ ರಾಟ್ ಅಂತ ಹೆಸರು. ಗಾಳಿಯಲ್ಲಿನ ಸಲ್ಫರ್ ಡೈ ಆಕ್ಸೈಡನ್ನ ಟ್ಯಾನಿನ್ ಚರ್ಮ ಹೀರಿಕೊಂಡು, ಒಳಗೆ ಸಲ್ಫ್ಯೂರಿಕ್ ಆಮ್ಲ ಆಗಿ, ಎಳೆಗಳೇ ತುಂಡಾಗಿರೋ ಸ್ಥಿತಿ. ಹಳೇ ಲೈಬ್ರರಿಗಳಲ್ಲಿ ಚರ್ಮದ ರಟ್ಟಿನ ಪುಸ್ತಕ ತೆಗೆದಾಗ ಅಂಗೈ ಕೆಂಪಾಗೋದು ಇದರಿಂದಲೇ. ಇಂಥದ್ದಕ್ಕೆ ನೀರು ತಾಗಿದ್ರೆ ಕಪ್ಪಾಗಿ ಗಟ್ಟಿಯಾಗಿಬಿಡುತ್ತೆ. ಮತ್ತೆ ಸರಿಹೋಗಲ್ಲ.

ಬಕೆಟ್ಟಿಗೆ ಇಳಿಸಬಹುದಾದ ಬ್ಯಾಗು

ನೀರು ಉಳಿಸಿದ ಬ್ಯಾಗಿಗೆ ಒಳ್ಳೆ ಉದಾಹರಣೆ ಹಳೇ ಕೋಚ್ ಬ್ಯಾಗುಗಳು. 1941ರಲ್ಲಿ ನ್ಯೂಯಾರ್ಕಿನ ಮ್ಯಾನ್‌ಹ್ಯಾಟನ್ನಿನಲ್ಲಿ ಪರ್ಸು, ವಾಲೆಟ್ ಮಾಡೋ ಸಣ್ಣ ಕಾರ್ಖಾನೆಯಾಗಿ ಶುರುವಾದದ್ದು ಇದು. ಆಮೇಲೆ ಇದನ್ನ ನಡೆಸಿದ ಮೈಲ್ಸ್ ಕಾನ್, ಬೇಸ್‌ಬಾಲ್ ಗ್ಲೌಸಿನ ಚರ್ಮ ಬಳಸಿದಷ್ಟೂ ಮೆತ್ತಗಾಗೋದನ್ನ ಗಮನಿಸಿ ಅದೇ ಗುಣದ ಚರ್ಮವನ್ನ ಬ್ಯಾಗಿಗೆ ತಂದ. ಹೆಂಡತಿ ಲಿಲಿಯನ್ ಕಾನ್ ಹ್ಯಾಂಡ್‌ಬ್ಯಾಗು ಮಾಡೋಣ ಅಂತ ಒತ್ತಾಯಿಸಿದಳು. 1962ರಲ್ಲಿ ವಿನ್ಯಾಸಕಿ ಬಾನಿ ಕ್ಯಾಶಿನ್ ಸೇರಿದಳು. ತಿರುಗಿಸಿ ಮುಚ್ಚೋ ಹಿತ್ತಾಳೆ ಚಿಲಕ ಅವಳ ಕೊಡುಗೆ. ಮಡಚೋ ಛಾವಣಿಯ ಕಾರಿನಲ್ಲಿ ಛಾವಣಿ ಬಿಗಿಯೋ ಕೊಕ್ಕೆಯಿಂದ ಆ ಯೋಚನೆ ಬಂತು.

ಈ ಬ್ಯಾಗುಗಳನ್ನ ಸಂಗ್ರಹಿಸೋರು ಬಕೆಟ್ಟಿನಲ್ಲೇ ಮುಳುಗಿಸಿ ತೊಳೀತಾರೆ. ಕೇಳಿದ್ರೆ ಗಾಬರಿ ಆಗುತ್ತೆ, ಆದ್ರೆ ರಚನೆ ನೋಡಿದ್ರೆ ಅರ್ಥ ಆಗುತ್ತೆ. ಆ ಕಾಲದ ಮಾದರಿಗಳಲ್ಲಿ ಒಳಗೆ ಬಟ್ಟೆಯ ಅಸ್ತರ್ ಇಲ್ಲ, ಆಕಾರಕ್ಕೆ ರಟ್ಟು ಇಲ್ಲ. ದಪ್ಪ ಚರ್ಮ, ಹೊಲಿಗೆ, ಹಿತ್ತಾಳೆ, ಅಷ್ಟೇ. ನೀರಿನಲ್ಲಿ ಉಬ್ಬೋದಕ್ಕೆ, ಅಂಟು ಬಿಡೋದಕ್ಕೆ ಒಳಗೆ ಏನೂ ಇಲ್ಲ.

ಕ್ರಮ ಹೀಗೆ. ಮೊದಲು ಒಣ ಬ್ರಷ್ಷಿನಿಂದ ಮೂಲೆಮೂಲೆಯ ಧೂಳು ತೆಗೀಬೇಕು. ಒದ್ದೆ ಬಿಳಿ ಬಟ್ಟೆಯಲ್ಲಿ ಒಂದು ಮೂಲೆ ಒರೆಸಿ ಬಣ್ಣ ಎಷ್ಟು ಬಿಡುತ್ತೆ ನೋಡ್ಬೇಕು. ತುಂಬಾ ಬಿಟ್ರೆ ಅಲ್ಲಿಗೆ ನಿಲ್ಲಿಸಿ. ಇಲ್ಲವಾದ್ರೆ ಒಂದು ಬಕೆಟ್ ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯೋ ಸೌಮ್ಯ ದ್ರವ ಕೆಲವೇ ಹನಿ ಹಾಕಿ, ಹದಿನೈದು-ಇಪ್ಪತ್ತು ನಿಮಿಷ ಮುಳುಗಿಸಿ, ಮೆತ್ತನೆ ಬಟ್ಟೆಯಲ್ಲಿ ತೊಳೀಬೇಕು. ಬಟ್ಟೆ ಸೋಪು ಬೇಡ. ಲೆದರ್ ಸಾಮಾನ್ಯವಾಗಿ ಆಮ್ಲೀಯ, ಪಿಎಚ್ 3.5ರಿಂದ 5ರ ಆಸುಪಾಸು. ಬಟ್ಟೆ ಸೋಪಿನ ಪಿಎಚ್ 9-10. ಆ ಕ್ಷಾರ ಟ್ಯಾನಿನ್ನನ್ನೂ ಬಣ್ಣವನ್ನೂ ಸಡಿಲ ಮಾಡುತ್ತೆ.

ಶುದ್ಧ ನೀರಿನಲ್ಲಿ ಎರಡು ಸಲ ಜಾಲಿಸಿ. ಹಿಂಡಬೇಡಿ. ಟವೆಲ್ಲಿನಲ್ಲಿ ಒತ್ತಿ ನೀರು ತೆಗೆದು, ಒಳಗೆ ಬಿಳಿ ಬಟ್ಟೆ ತುಂಬಿ ಆಕಾರ ಕೊಡಿ. ನ್ಯೂಸ್‌ಪೇಪರ್ ತುಂಬಿದ್ರೆ ಮಸಿ ಹತ್ತುತ್ತೆ. ಫ್ಯಾನ್ ಗಾಳಿ ಇರೋ ನೆರಳಿನಲ್ಲಿ ಎರಡು ಮೂರು ದಿನ ಬಿಡಿ. ಇನ್ನೂ ಸ್ವಲ್ಪ ತೇವ ಇರುವಾಗಲೇ ಲೆದರ್ ಕಂಡೀಷನರ್ ತೆಳ್ಳಗೆ ಹಚ್ಚಿದ್ರೆ ಎಳೆಗಳು ಅಂಟಿಕೊಳ್ಳೋ ಮುಂಚೆ ಎಣ್ಣೆ ನಡುವೆ ಸೇರುತ್ತೆ. ಕಾರ್ಖಾನೆಯಲ್ಲಿ ಮಾಡಿದ್ದನ್ನೇ ಮನೆಯಲ್ಲಿ ಸಣ್ಣದಾಗಿ ಮತ್ತೊಮ್ಮೆ ಮಾಡಿದ ಹಾಗೆ.

ನೀರಿಗೆ ಇಳಿಸಬಾರದ್ದು

ಈಗ ಎದುರು ಉದಾಹರಣೆ. ಲೂಯಿ ವಿತಾನ್‌ನ ಹೆಸರಾಂತ ಮೊನೋಗ್ರಾಂ ಬ್ಯಾಗು ಪೂರ್ತಿ ಚರ್ಮ ಅಲ್ಲ. ಮೈ ಪ್ಲಾಸ್ಟಿಕ್ ಲೇಪದ ಕ್ಯಾನ್ವಾಸು, ಹಿಡಿ ಮತ್ತು ಅಂಚುಪಟ್ಟಿ ಮಾತ್ರ ಲೇಪವಿಲ್ಲದ ಟ್ಯಾನಿನ್ ಚರ್ಮ. ಕ್ಯಾನ್ವಾಸನ್ನ ಒದ್ದೆ ಬಟ್ಟೆಯಲ್ಲಿ ಧೈರ್ಯವಾಗಿ ಒರೆಸಬಹುದು. ಆದ್ರೆ ಹಿಡಿಗೆ ಹನಿ ಬಿದ್ರೂ ಕಲೆ. ಒಂದೇ ಬ್ಯಾಗಿನಲ್ಲಿ ಎರಡು ವಸ್ತು, ಎರಡು ನಿಯಮ. ಕೋಚ್ ಬ್ಯಾಗಿನ ವಿಡಿಯೋ ನೋಡಿ ಇದನ್ನ ಬಕೆಟ್ಟಿಗೆ ಹಾಕಿದ್ರೆ ಮುಗೀತು ಕಥೆ.

ಹಾಗೇ ಸ್ವೀಡ್, ಪೇಟೆಂಟ್ ಲೆದರ್, ಹಾವು-ಮೊಸಳೆ ಚರ್ಮ, ಒಳಗೆ ರಟ್ಟು ಅಥವಾ ಅಸ್ತರ್ ಇರೋ ಗಟ್ಟಿ ಆಕಾರದ ಬ್ಯಾಗು, ರೆಡ್ ರಾಟ್ ಹಿಡಿದದ್ದು, ಇವೆಲ್ಲಕ್ಕೂ ಒಣ ಬ್ರಷ್ಷೇ ಮೊದಲ ಉಪಚಾರ. ಬಹಳ ಸಲ ಕೊನೆಯ ಉಪಚಾರವೂ ಅದೇ.

ಕೊಬ್ಬರಿ ಎಣ್ಣೆ ಯಾಕೆ ಬೇಡ

ನಮ್ಮ ಮನೆಗಳಲ್ಲಿ ಎಲ್ಲ ರೋಗಕ್ಕೂ ಇದೊಂದೇ ಮದ್ದು. ಆದ್ರೆ ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಯಲ್ಲಿ ಗಟ್ಟಿಯಾಗುತ್ತೆ. ಚಳಿಗಾಲದ ಬೆಳಿಗ್ಗೆ ಬಾಟಲಿಯಲ್ಲಿ ಕಾಣೋದೇ ಬ್ಯಾಗಿನ ಮೇಲೆ ಬಿಳಿ ಪುಡಿಯಾಗಿ ಕಾಣಬಹುದು. ಅಡುಗೆ ಎಣ್ಣೆಗಳು ಗಾಳಿಗೆ ಕಮಟು ಹಿಡಿದು ಅಂಟಂಟಾಗುತ್ತವೆ. ಶೂ ಪಾಲಿಶ್ ಹಚ್ಚಿದ್ರೆ ಅದರ ಬಣ್ಣ ಚೂಡಿದಾರಕ್ಕೋ ಅಂಗಿಗೋ ಹತ್ತುತ್ತೆ. ಬ್ಯಾಗಿಗೆ ಅಂತಲೇ ಮಾಡಿದ ಬಣ್ಣರಹಿತ ಕಂಡೀಷನರ್ ತಗೊಳ್ಳಿ. ಕಡಲೆ ಕಾಳಿನಷ್ಟು ಬಟ್ಟೆಗೆ ಹಾಕಿ ಹಚ್ಚಿ, ಒಂದು ದಿನ ಕಾದು ನೋಡಿ, ಬೇಕಿದ್ರೆ ಮಾತ್ರ ಮತ್ತೆ. ಎಣ್ಣೆ ಹೆಚ್ಚಾದ ಚರ್ಮ ಜೋತುಬೀಳುತ್ತೆ, ಧೂಳು ಹಿಡಿಯುತ್ತೆ. ಹಾಕಿದ ಎಣ್ಣೆಯನ್ನ ಪೂರ್ತಿ ವಾಪಸ್ ತೆಗೆಯೋಕೂ ಆಗಲ್ಲ.

ಹಿತ್ತಾಳೆ, ಕಬ್ಬಿಣ, ಬೂಷ್ಟು

ಚಿಲಕದ ಸುತ್ತ ಹಸಿರು ಮೇಣದಂಥ ಕೊಳೆ ಕಂಡ್ರೆ, ಅದು ಹಿತ್ತಾಳೆಯ ತಾಮ್ರ ಚರ್ಮದ ಕೊಬ್ಬಿನ ಆಮ್ಲದ ಜೊತೆ ಸೇರಿ ಆದದ್ದು. ಮರದ ಹಲ್ಲುಕಡ್ಡಿ, ಹತ್ತಿ ಸಾಕು. ದೇವರ ದೀಪಕ್ಕೆ ಹಾಕೋ ಹುಣಸೆಹಣ್ಣನ್ನ ಇಲ್ಲಿಗೆ ತರಬೇಡಿ, ಹುಳಿ ಚರ್ಮಕ್ಕೆ ಇಳಿಯುತ್ತೆ. ಲೋಹದ ಪಾಲಿಶ್ ಬಳಸೋದಾದ್ರೆ ಕೆಳಗೆ ಪ್ಲಾಸ್ಟಿಕ್ ಹಾಳೆ ಸಿಕ್ಕಿಸಿ ಚರ್ಮ ಮುಚ್ಚಿಕೊಳ್ಳಿ. ಚಿಲಕ ಗಟ್ಟಿ ಹಿತ್ತಾಳೆ ಆಗಿರದೆ ಬರೀ ಲೇಪ ಆಗಿದ್ರೆ ಉಜ್ಜಿದಷ್ಟೂ ಲೇಪವೇ ಹೋಗುತ್ತೆ. ಅಯಸ್ಕಾಂತ ಅಂಟಿದ್ರೆ ಒಳಗೆ ಕಬ್ಬಿಣ ಅಂತ ಖಾತ್ರಿ. ಕಬ್ಬಿಣ ತುಕ್ಕು ಹಿಡಿದು ಟ್ಯಾನಿನ್ ಚರ್ಮಕ್ಕೆ ತಾಗಿದ್ರೆ ಶಾಯಿಯಂಥ ಕಪ್ಪು ಕಲೆ ಆಗುತ್ತೆ, ಅದನ್ನ ತೆಗೆಯೋದು ಕಷ್ಟ.

ಕರಾವಳಿ, ಮಲೆನಾಡಿನ ಹುಡುಗರಿಗೆ ಬೂಷ್ಟಿನ ಬಗ್ಗೆ ಹೇಳಬೇಕಿಲ್ಲ. ಗಾಳಿಯ ಸಾಪೇಕ್ಷ ಆರ್ದ್ರತೆ 65-70 ಶೇಕಡಾ ದಾಟಿ ಹಾಗೇ ನಿಂತ್ರೆ ಲೆದರ್ ಮೇಲೆ ಅದು ಬೆಳೆಯುತ್ತೆ. ಮಾಸ್ಕ್ ಹಾಕಿ, ಮನೆಯ ಹೊರಗೆ ನಿಂತು ಒಣ ಬ್ರಷ್ಷಿನಿಂದ ತೆಗೆದು, ಗಾಳಿಯಾಡೋ ನೆರಳಿನಲ್ಲಿಡಿ. ಆಮೇಲೆ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಡಬೇಡಿ. ಹತ್ತಿ ಬಟ್ಟೆಯ ಚೀಲ, ಜೊತೆಗೆ ಒಂದೆರಡು ಸಿಲಿಕಾ ಜೆಲ್ ಪೊಟ್ಟಣ ಸಾಕು.

ಎಲ್ಲಿ ನಿಲ್ಲಿಸಬೇಕು

ಹೊಲಿಗೆ ಬಿಟ್ಟಿದ್ರೆ ಫೆವಿಕ್ವಿಕ್ ಹಾಕೋ ಆಸೆ ಎಲ್ಲರಿಗೂ ಬರುತ್ತೆ. ಆ ಅಂಟು ಗಾಜಿನ ಹಾಗೆ ಗಟ್ಟಿಯಾಗುತ್ತೆ, ಪಕ್ಕದ ಮೆತ್ತನೆ ಚರ್ಮ ಬಾಗುತ್ತೆ. ಎರಡು ಸೇರೋ ಜಾಗದಲ್ಲಿ ಸ್ಟ್ರೆಸ್ ಕಾನ್ಸಂಟ್ರೇಷನ್ ಆಗಿ ಬಿರುಕು ಬೀಳುತ್ತೆ. ಹಳೇ ತೂತುಗಳಲ್ಲೇ ಮೇಣ ಸವರಿದ ದಾರ ಹಾಕಿ ಕೈಹೊಲಿಗೆ ಮಾಡಿಸೋದು ಸರಿಯಾದ ದಾರಿ. ಹೊಸ ತೂತು ಹೊಡೆದ್ರೆ ಚರ್ಮ ಅಂಚೆಚೀಟಿಯ ಹಾಗೆ ಸಾಲಾಗಿ ಹರಿಯುತ್ತೆ.

ಈ ಕೆಲಸ ಬಲ್ಲವರು ಬಸ್‌ಸ್ಟ್ಯಾಂಡಿನ ಪಕ್ಕ ಕೊಡೆ ಕೆಳಗೆ ಕೂತು ಚಪ್ಪಲಿ ಹೊಲಿಯೋರು. ಬೆರಳಲ್ಲಿ ಮುಟ್ಟಿಯೇ ಚರ್ಮ ಯಾವ ಹದದಲ್ಲಿದೆ ಅಂತ ಅವರು ಹೇಳ್ತಾರೆ. ಹನ್ನೆರಡನೇ ಶತಮಾನದ ಶರಣ ಹರಳಯ್ಯನವರದ್ದೂ ಇದೇ ಕಾಯಕ. ಈ ವಿದ್ಯೆ ಬಲ್ಲವರನ್ನ ನಮ್ಮ ಸಮಾಜ ತಲೆಮಾರುಗಳ ಕಾಲ ಊರ ಹೊರಗಿಟ್ಟಿತ್ತು, ಸಿಲೆಬಸ್ಸಿನಲ್ಲಿ ಚರ್ಮಕ್ಕೆ ಜಾಗ ಇಲ್ಲದಿರೋದನ್ನ ನೋಡುವಾಗ ಅದೂ ನೆನಪಿರಲಿ. ಬ್ಯಾಗು ತಗೊಂಡು ಹೋದಾಗ ಚೌಕಾಸಿ ಬಿಟ್ಟು, ಅಣ್ಣಾ ಇದನ್ನ ಹೇಗೆ ಮಾಡ್ತೀರಿ ಅಂತ ಪಕ್ಕದಲ್ಲಿ ಕೂತು ನೋಡಿ. ಇಲ್ಲಿ ಬರೆದದ್ದರಲ್ಲಿ ಅರ್ಧ ಅಲ್ಲೇ ಅರ್ಥ ಆಗುತ್ತೆ.

ಕೊನೆಯದಾಗಿ, ಎಲ್ಲ ಗುರುತನ್ನೂ ಅಳಿಸಬೇಡಿ. ಹಿಡಿಯ ಹತ್ತಿರ ಕೈ ತಾಗಿ ತಾಗಿ ಗಾಢವಾದ ಬಣ್ಣ, ಮುಚ್ಚಳದ ಮೇಲಿನ ಸಣ್ಣ ಗೀರು, ಇವು ಕೊಳೆ ಅಲ್ಲ. ಚರ್ಮದ ಬಲ ಕುಗ್ಗಿಸೋದನ್ನ ತೆಗೆಯಿರಿ, ಬಳಕೆಯ ಗುರುತನ್ನ ಬಿಡಿ. ಅನುಮಾನ ಬಂದ್ರೆ ಆ ದಿನದ ಕೆಲಸ ಅಲ್ಲಿಗೇ ನಿಲ್ಲಿಸಿ. ಮಾಡದೇ ಬಿಟ್ಟ ಕೆಲಸವನ್ನ ನಾಳೆ ಮಾಡಬಹುದು, ಮಾಡಿ ಕೆಡಿಸಿದ್ದನ್ನ ಯಾವತ್ತೂ ಸರಿಮಾಡೋಕಾಗಲ್ಲ.