ಮೂಲೆ ಸೇರಿದ ಗಣಕಯಂತ್ರ

ಹಬ್ಬಕ್ಕೆ ಮನೆ ತೊಳೆಯುವಾಗ ಅಟ್ಟದಿಂದ ಹಳೆಯ ಗಣಕಯಂತ್ರವೊಂದು ಇಳಿದರೆ ಅದು ನೇರವಾಗಿ ಹಳೇ ಕಬ್ಬಿಣದವರ ತಕ್ಕಡಿ ಏರುವುದು ನಮ್ಮ ಕಡೆಯ ವಾಡಿಕೆ. ತೂಗಿಸುವುದಕ್ಕೆ ಮೊದಲು ವಿದ್ಯಾರ್ಥಿಗಳೂ ಪೋಷಕರೂ ಸ್ವಲ್ಪ ತಾಳಬೇಕೆಂದು ಕೋರುತ್ತೇವೆ.

'ಹಳೆಯದು' ಎಂಬ ಮಾತನ್ನೇ ಮೊದಲು ವಿಚಾರಿಸೋಣ. ನಮ್ಮ ಹೊಸೂರು ಸೀಮೆ ಒಂದು ಕಾಲಕ್ಕೆ ಸೇಲಂ ಜಿಲ್ಲೆಯಲ್ಲಿತ್ತು. 1965ರಲ್ಲಿ ಧರ್ಮಪುರಿ ಜಿಲ್ಲೆಗೆ ಸೇರಿತು. 2004ರಿಂದ ಕೃಷ್ಣಗಿರಿ ಜಿಲ್ಲೆಯಲ್ಲಿದೆ. ಊರು ಕದಲಲಿಲ್ಲ, ಹಲಗೆಯ ಮೇಲಿನ ಹೆಸರು ಮಾತ್ರ ಬದಲಾಯಿತು. ಗಣಕಯಂತ್ರದ ಪಾಡೂ ಹೀಗೆಯೇ. 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಕಂಪನಿಯು ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಮುಂದಿನ ವಿಂಡೋಸ್ 11 ಟಿ.ಪಿ.ಎಂ. 2.0 ಎಂಬ ಭದ್ರತಾ ಘಟಕವನ್ನು ಕೇಳುತ್ತದೆ. ಹಿಂದಿನ ಅನೇಕ ಯಂತ್ರಗಳಲ್ಲಿ ಅದಿಲ್ಲ. ಒಳಗಿನ ಒಂದು ತಂತಿಯೂ ಸವೆಯದೆ ಯಂತ್ರ ರಾತ್ರೋರಾತ್ರಿ ಮುದಿಯಾಯಿತು!

ನಮ್ಮ ಶಾಲೆಯಲ್ಲಿಯೂ ಇಂಥದೊಂದು ಯಂತ್ರ ಬೀರುವಿನ ಪಕ್ಕದಲ್ಲಿ ಎರಡು ವರ್ಷ ಬಟ್ಟೆ ಹೊದ್ದು ಕುಳಿತಿತ್ತು. ಗುಂಡಿ ಒತ್ತಿದರೆ ಅರ್ಧದಲ್ಲಿ ನಿಂತು, ದಿನಾಂಕವನ್ನು ಎಷ್ಟೋ ವರ್ಷ ಹಿಂದಕ್ಕೆ ತೋರಿಸುತ್ತಿತ್ತು. ಕೆಟ್ಟಿತೆಂದು ನಾವೇ ತೀರ್ಪು ಕೊಟ್ಟುಬಿಟ್ಟಿದ್ದೆವು. ಕಡೆಗೊಮ್ಮೆ ತಂತಿ ಕಿತ್ತು ಪಕ್ಕದ ಮುಚ್ಚಳ ತೆಗೆದಾಗ ಕಂಡದ್ದು ರಾಶಿ ಧೂಳು ಮತ್ತು ಸತ್ವ ಕಳೆದುಕೊಂಡ ಒಂದು ಬಿಲ್ಲೆ ಬ್ಯಾಟರಿ. ಸಿ.ಆರ್. 2032 ಎಂಬ ಈ ಬಿಲ್ಲೆಯೇ ವಿದ್ಯುತ್ತು ಇಲ್ಲದಾಗ ಯಂತ್ರದ ಗಡಿಯಾರವನ್ನು ನಡೆಸುವುದು. ಬಿಲ್ಲೆ ಬದಲಾಯಿಸಿ, ಒಣ ಕುಂಚದಿಂದ ಧೂಳು ತೆಗೆದೆವು, ಯಂತ್ರ ಎದ್ದಿತು. ಆದರೆ ವಿದ್ಯುತ್ ಒದಗಿಸುವ ಒಳಪೆಟ್ಟಿಗೆಯನ್ನು ಮಕ್ಕಳು ಎಂದೂ ಬಿಚ್ಚಬಾರದು. ತಂತಿ ಕಿತ್ತ ಮೇಲೂ ಅದರೊಳಗೆ ವಿದ್ಯುತ್ತು ಉಳಿದಿರಬಹುದು.

ಬಳಿಕ ಅದರಲ್ಲಿದ್ದ ಕಡತಗಳನ್ನು ಬೇರೆಡೆ ಉಳಿಸಿಕೊಂಡು, ಹಗುರವಾದ ಲಿನಕ್ಸ್ ವ್ಯವಸ್ಥೆಯನ್ನು ಹಾಕಿದೆವು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಆರಂಭಿಸಿದ ಇದಕ್ಕೆ ಹಣ ಕೊಡಬೇಕಾಗಿಲ್ಲ. ನೆರೆಯ ಕೇರಳದ ಸರಕಾರಿ ಶಾಲೆಗಳಲ್ಲಿ, ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಸೇರಿದಂತೆ, ಬಹಳ ವರ್ಷಗಳಿಂದ ಇದರಲ್ಲಿಯೇ ಕಲಿಯುತ್ತಿದ್ದಾರೆ. ಎರಡು ಜಿ.ಬಿ. ಸ್ಮೃತಿಯ ನಮ್ಮ ಯಂತ್ರ ಅಂತರಜಾಲದಲ್ಲಿ ಏದುಸಿರು ಬಿಡುತ್ತದೆ, ನಿಜ. ಬರೆಯುವುದಕ್ಕೆ, ಲೆಕ್ಕಕ್ಕೆ, ಚಿತ್ರಕ್ಕೆ ಧಾರಾಳವಾಗಿ ಸಾಕು.

ಸೇಲಂನಲ್ಲಿ ಮನೆಮಾತು ಕನ್ನಡವಾಗಿರುವ ದೇವಾಂಗ ನೇಕಾರರ ಮನೆಗಳಿವೆ. ಮಗ್ಗದ ಅಂಚಿನ ಹೂವನ್ನು ಚೌಕದ ಕಾಗದದ ಮೇಲೆ ಬರೆದು, ಅದರಂತೆ ರಟ್ಟಿನ ಪಟ್ಟಿಗೆ ತೂತು ಹೊಡೆದು ಜಕಾರ್ಡಿಗೆ ಕಟ್ಟುವುದನ್ನು ನೀವು ನೋಡಿರಬಹುದು. ಫ್ರಾನ್ಸಿನ ಜಕಾರ್ಡ್ 1804ರ ಸುಮಾರಿಗೆ ರೂಪಿಸಿದ ಆ ತೂತಿನ ಪಟ್ಟಿಯೇ ಮುಂದೆ ಗಣಕಯಂತ್ರಗಳಿಗೆ ಮಾಹಿತಿ ಉಣಿಸುವ ಕಾರ್ಡಿಗೆ ದಾರಿಯಾಯಿತು. ಮಗ್ಗದ ಋಣವನ್ನು ಹಳೆಯ ಯಂತ್ರ ತೀರಿಸಬಹುದು: ಲೆಕ್ಕದ ಹಾಳೆಯ ಚೌಕಗಳಿಗೆ ಬಣ್ಣ ತುಂಬಿದರೆ ಅಂಚಿನ ನಕ್ಷೆ ಸಿದ್ಧ, ತಪ್ಪಿದರೆ ಕಾಗದ ಹರಿಯಬೇಕಾಗಿಲ್ಲ.

ಏನು ಮಾಡಿದರೂ ಏಳದ ಯಂತ್ರವನ್ನು ಒಡೆಯಬೇಡಿ, ತಾಮ್ರಕ್ಕಾಗಿ ತಂತಿ ಸುಡಬೇಡಿ. ಹಳೆಯ ದಪ್ಪ ಪರದೆಯ ಗಾಜಿನಲ್ಲಿ ಸೀಸವಿರುತ್ತದೆ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳಂತೆ ನೋಂದಾಯಿತ ಮರುಬಳಕೆದಾರರಿಗೇ ಅದು ತಲುಪಬೇಕು.

ನಮಗೆ ಬಹಳ ಬೇಕಾಗಿದ್ದ ಉಪಯೋಗ ಬೇರೆ. ನಮ್ಮ ಮಕ್ಕಳು ಅಂಗಡಿಯಲ್ಲಿ ತಮಿಳು, ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರ. ಕನ್ನಡ ಬರೆಯುವುದು ಪರೀಕ್ಷೆಯ ಹಾಳೆಯಲ್ಲಿ ಮಾತ್ರ ಎಂಬಂತಾಗಿದೆ. ಲಿನಕ್ಸಿನಲ್ಲಿ ಕಗಪ ಕೀಲಿಮಣೆ ಜೊತೆಯಲ್ಲೇ ಬರುತ್ತದೆ. ವಿ. ಕೃಷ್ಣ ಅವರು ದಶಕಗಳ ಕಾಲ ದುಡಿದು ಸಂಕಲಿಸಿದ, 2019ರಲ್ಲಿ ಎಲ್ಲರಿಗೂ ಮುಕ್ತವಾದ 'ಅಲರ್' ಕನ್ನಡ-ಇಂಗ್ಲಿಷ್ ನಿಘಂಟಿನ ಕಡತವನ್ನು ಒಮ್ಮೆ ತಂದು ಹಾಕಿದರೆ ಅಂತರಜಾಲವಿಲ್ಲದೆಯೂ ಹುಡುಕಬಹುದು. ಸುಮಾರು ಒಂದೂವರೆ ಲಕ್ಷ ಪದಗಳು.

ಈಗ ಪ್ರತಿ ಶನಿವಾರ ಎಂಟನೆಯ ತರಗತಿಯವರು ಮನೆಯ ಹಿರಿಯರಿಂದ ಐದು ಪದ ಕೇಳಿ ತಂದು ಬೆರಳಚ್ಚು ಮಾಡುತ್ತಾರೆ. ಕುಂಟೆ, ಕೂರಿಗೆ, ಮೇಟಿ ಬಂದವು. ಕೂರಿಗೆ ಎಂದರೇನೆಂದು ರಾಗಿ ಬೆಳೆಯುವವರ ಮನೆಯ ಹುಡುಗನೇ ನಮ್ಮನ್ನು ಕೇಳಿದ. ಅವನ ಅಪ್ಪ ಬಿತ್ತುವುದು ಟ್ರಾಕ್ಟರಿನಲ್ಲಿ. ಒಬ್ಬ ಹುಡುಗಿ ತನ್ನ ಅಜ್ಜಿ ಹೇಳಿದ್ದನ್ನು ಹನ್ನೊಂದು ಪುಟ ತುಂಬಿಸಿದ್ದಾಳೆ. ಅಜ್ಜಿ ಆಷಾಢದಲ್ಲಿ ತೀರಿಕೊಂಡರು. ಆ ಕಡತಕ್ಕೆ ಮೂರು ಪ್ರತಿ ಮಾಡಿ ಇಟ್ಟಿದ್ದೇವೆ, ಒಂದು ಅವರ ಮನೆಯಲ್ಲಿದೆ.