ಬೆಂಕಿಗೆ ಮನೆ ಬಿಟ್ಟರೆ ಹಕ್ಕು ಬಿಟ್ಟಂತಲ್ಲ

ಬೇಸಿಗೆಯಲ್ಲಿ ಕಾಡಂಚಿನ ಊರಿಗೆ ಜೀಪು ಬಂದು, ‘ಬೆಂಕಿ ಈ ಕಡೆಗೇ ಬರುತ್ತಿದೆ, ಮನೆ ಖಾಲಿ ಮಾಡಿ’ ಎಂದರೆ ಹೊರಡಲೇಬೇಕೇ? ಹೊರಟರೆ ಮನೆ, ದನ, ಜಮೀನಿನ ಗತಿಯೇನು? ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿ, ತಣಿಗೆಬೈಲಿನ ಕಡೆಗೆ ಎರಡನೇ ಪ್ರಶ್ನೆಯೇ ದೊಡ್ಡದು. ಭದ್ರಾ ಅಭಯಾರಣ್ಯದೊಳಗಿದ್ದ ಹಳ್ಳಿಗಳ ನಾನೂರಕ್ಕೂ ಹೆಚ್ಚು ಕುಟುಂಬಗಳು 2001-02ರ ಸುಮಾರಿಗೆ ಕಾಡು ಬಿಟ್ಟು ಎಂ.ಸಿ. ಹಳ್ಳಿ, ಕೆಳಗೂರುಗಳಲ್ಲಿ ನೆಲೆಸಿದವು. ಅದು ಶಾಶ್ವತ ಪುನರ್ವಸತಿ. ಅದನ್ನು ಕಂಡ ಸೀಮೆಯಲ್ಲಿ ತಾತ್ಕಾಲಿಕ ತೆರವನ್ನೂ ಜನ ಅನುಮಾನದಿಂದ ನೋಡಿದರೆ ತಪ್ಪೇನಿಲ್ಲ.

ಕಾನೂನು ಮಾತ್ರ ಇವೆರಡನ್ನೂ ಬೆರೆಸುವುದಿಲ್ಲ. ಬೆಂಕಿಯ ಸಮಯದ ತೆರವಿಗೆ ಆಧಾರ 2005ರ ವಿಪತ್ತು ನಿರ್ವಹಣಾ ಕಾಯ್ದೆ. ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರವು 34ನೇ ಕಲಮಿನಡಿ ಅಪಾಯದ ಪ್ರದೇಶಕ್ಕೆ ಜನ, ವಾಹನ ಹೋಗದಂತೆ ತಡೆಯಬಹುದು. ಅದೇ ಕಲಮು ಆಸರೆ, ಊಟ, ಕುಡಿಯುವ ನೀರು, ಚಿಕಿತ್ಸೆ ಒದಗಿಸುವ ಮಾತನ್ನೂ ಆಡುತ್ತದೆ. ಸರಿಯಾದ ಕಾರಣವಿಲ್ಲದೆ ಆದೇಶ ಧಿಕ್ಕರಿಸಿದರೆ 51ನೇ ಕಲಮಿನಂತೆ ಒಂದು ವರ್ಷದವರೆಗೆ ಜೈಲು ಅಥವಾ ದಂಡ. ಅದರಿಂದ ಜೀವಹಾನಿಯಾದರೆ ಎರಡು ವರ್ಷದವರೆಗೆ. ಪರಿಹಾರ ಕೊಡುವಾಗ ಜಾತಿ, ಧರ್ಮ, ಲಿಂಗ ನೋಡುವಂತಿಲ್ಲ ಎನ್ನುತ್ತದೆ 61ನೇ ಕಲಮು. ಗಂಜಿ ಕೇಂದ್ರದಲ್ಲಿ ಪಂಕ್ತಿಭೇದ ಕಂಡರೆ ಇದನ್ನು ಉಲ್ಲೇಖಿಸಿ ಲಿಖಿತ ದೂರು ಕೊಡಬಹುದು.

ತೆರವಿನ ಆದೇಶದಿಂದ ಯಾರ ಖಾತೆಯೂ ಬದಲಾಗುವುದಿಲ್ಲ. ಅರಣ್ಯಭೂಮಿಯಲ್ಲಿ ಸಾಗುವಳಿ ಮಾಡಿಕೊಂಡು ಹಕ್ಕುಪತ್ರಕ್ಕೆ ಅರ್ಜಿ ಹಾಕಿದವರಿಗೆ 2006ರ ಅರಣ್ಯ ಹಕ್ಕು ಕಾಯ್ದೆಯ 4(5)ನೇ ಕಲಮಿನ ರಕ್ಷಣೆಯಿದೆ. ಅರ್ಜಿಯ ಪರಿಶೀಲನೆ ಮುಗಿಯುವ ತನಕ ಅರಣ್ಯವಾಸಿಯನ್ನು ಎಬ್ಬಿಸುವಂತಿಲ್ಲ. ಆದ್ದರಿಂದ ಅರ್ಜಿಯ ಸ್ವೀಕೃತಿ ಚೀಟಿ ಮನೆಯ ಚಿನ್ನದ ಜೊತೆಗೇ ಚೀಲ ಸೇರಬೇಕು.

ತರೀಕೆರೆ, ಅಜ್ಜಂಪುರ, ಕಡೂರು ಈ ಮೂರೂ ತಾಲ್ಲೂಕುಗಳಿಗೆ ಬೆಂಕಿ ಒಂದೇ ರೀತಿಯಲ್ಲಿ ಬರುವುದಿಲ್ಲ. ತರೀಕೆರೆಯ ಪಶ್ಚಿಮಕ್ಕೆ ಎಲೆ ಉದುರಿಸುವ ಕಾಡು, ಲಂಟಾನ, ಬಿದಿರು, ಕೆಮ್ಮಣ್ಣುಗುಂಡಿಯ ಹುಲ್ಲುಗಾವಲು. ಅಜ್ಜಂಪುರದಲ್ಲಿ ಅಮೃತಮಹಲ್ ಕಾವಲಿನ ಒಣಹುಲ್ಲು. ಕಡೂರಿನಲ್ಲಿ ತೆಂಗಿನ ಗರಿ, ಬೇಲಿಯ ಕತ್ತಾಳೆ, ಕಣದ ಬಣವೆ. ಬಯಲುಸೀಮೆಯವರು ‘ನಮಗೆಲ್ಲಿಯ ಕಾಳ್ಗಿಚ್ಚು’ ಎಂದು ಸುಮ್ಮನಾಗುವುದುಂಟು. ಆದರೆ ಕಡೂರು ತಾಲ್ಲೂಕಿನ ಬಾಸೂರು ಅಮೃತಮಹಲ್ ಕಾವಲು ಕೃಷ್ಣಮೃಗಗಳಿಗಾಗಿ 2011ರಲ್ಲಿ ಸಂರಕ್ಷಣಾ ಮೀಸಲು ಪ್ರದೇಶವಾಯಿತು. ವನ್ಯಜೀವಿ ಸಂರಕ್ಷಣಾ ಕಾಯ್ದೆಯ 36ಎ ಕಲಮಿನಂತೆ, ಅಭಯಾರಣ್ಯದಲ್ಲಿ ಬೆಂಕಿ ಹಚ್ಚುವುದನ್ನು ನಿಷೇಧಿಸುವ 30ನೇ ಕಲಮು ಇಂಥ ಮೀಸಲಿಗೂ ಅನ್ವಯಿಸುತ್ತದೆ. ಹೊಸ ಹುಲ್ಲು ಚಿಗುರಲಿ ಎಂದು ಕಡ್ಡಿ ಗೀರಿದವನಿಗೆ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ ಬೀಳಬಹುದು.

ಸ್ವಂತ ತೋಟದ ಕಸ ಸುಡುವವರೂ ಪೂರ್ತಿ ನಿರಾಳವಲ್ಲ. ಬೆಂಕಿಯ ವಿಷಯದಲ್ಲಿ ನಿರ್ಲಕ್ಷ್ಯ ತೋರಿ ಇನ್ನೊಬ್ಬರ ಜೀವಕ್ಕೆ ಅಪಾಯ ತಂದರೆ ಭಾರತೀಯ ನ್ಯಾಯ ಸಂಹಿತೆಯ 287ನೇ ಕಲಮು ಆರು ತಿಂಗಳವರೆಗೆ ಜೈಲು ಹೇಳುತ್ತದೆ. ಬೇಕೆಂದೇ ಮನೆಗೆ ಬೆಂಕಿಯಿಟ್ಟರೆ 326ನೇ ಕಲಮಿನಡಿ ಜೀವಾವಧಿ ಶಿಕ್ಷೆಯವರೆಗೂ ಹೋಗಬಹುದು.

ಬೆಂಕಿ ಕಂಡ ಕೂಡಲೇ ಬರಿಗೈಲಿ ಆರಿಸಲು ನುಗ್ಗಬೇಕೆಂದೂ ಅಲ್ಲ. ಅಭಯಾರಣ್ಯದೊಳಗೆ ವಾಸಿಸುವವರು ಕಂಡ ಬೆಂಕಿಯನ್ನು ತಮ್ಮ ಶಕ್ತ್ಯನುಸಾರ ನಂದಿಸಬೇಕು ಎಂದು ವನ್ಯಜೀವಿ ಕಾಯ್ದೆ ಹೇಳುವುದು ನಿಜ. ಆದರೆ 2017ರಲ್ಲಿ ಬಂಡೀಪುರದಲ್ಲಿ, 2023ರ ಫೆಬ್ರವರಿಯಲ್ಲಿ ಸಕಲೇಶಪುರದ ಕಾಡಿನಲ್ಲಿ ಬೆಂಕಿ ಆರಿಸಲು ಹೋಗಿ ಪ್ರಾಣ ಬಿಟ್ಟವರು ಅರಣ್ಯ ಇಲಾಖೆಯ ಸಿಬ್ಬಂದಿಯೇ. ಗಾಳಿ ತಿರುಗಿದರೆ ಅನುಭವವೂ ಸಾಲದು. 112ಕ್ಕೆ ಅಥವಾ ಅರಣ್ಯ ಸಹಾಯವಾಣಿ 1926ಕ್ಕೆ ಕರೆ ಮಾಡುವುದು ಮೊದಲ ಕೆಲಸ. ಭಾರತೀಯ ಅರಣ್ಯ ಸರ್ವೇಕ್ಷಣೆಯ ‘ವನ್ ಅಗ್ನಿ’ ಪೋರ್ಟಲ್‌ನಲ್ಲಿ ಮೊಬೈಲ್ ಸಂಖ್ಯೆ ನೋಂದಾಯಿಸಿದರೆ, ಉಪಗ್ರಹ ಗುರುತಿಸಿದ ಬೆಂಕಿಯ ಸಂದೇಶ ಸಾಮಾನ್ಯ ನಾಗರಿಕರಿಗೂ ಬರುತ್ತದೆ. ಸುಳ್ಳು ಸುದ್ದಿ ಎಂದು ತಿಳಿದೂ ಹಬ್ಬಿಸಿ ದಿಗಿಲೆಬ್ಬಿಸಿದರೆ ವಿಪತ್ತು ಕಾಯ್ದೆಯ 54ನೇ ಕಲಮಿನಡಿ ಒಂದು ವರ್ಷದವರೆಗೆ ಜೈಲು ಅಥವಾ ದಂಡ ಕಾದಿದೆ. ವಾಟ್ಸ್‌ಆ್ಯಪ್ ವೀರರು ಇದನ್ನು ಗಮನಿಸಬೇಕು.

ತಯಾರಿ ಮಾಡಿಕೊಳ್ಳಬೇಕಾದದ್ದು ಶಿವರಾತ್ರಿಗೆ ಮುಂಚೆ. ಡಿಜಿಲಾಕರ್‌ನಲ್ಲಿ ಇಲಾಖೆಯೇ ನೀಡಿದ ದಾಖಲೆಗೆ ಮೂಲ ದಾಖಲೆಯಷ್ಟೇ ಮಾನ್ಯತೆ ಇದೆ. ಪಹಣಿಯನ್ನು ‘ಭೂಮಿ’ಯಿಂದ, ಕ್ರಯಪತ್ರದ ದೃಢೀಕೃತ ನಕಲನ್ನು ಉಪನೋಂದಣಿ ಕಚೇರಿಯಿಂದ ಮತ್ತೆ ಪಡೆಯಬಹುದು. ಮತ್ತೆ ಸಿಗುವುದು ಕಷ್ಟವಾದವು ಹಳೆಯ ಕೈಬರಹದ ಪಾಲುಪಟ್ಟಿ, ಸಾಗುವಳಿ ಚೀಟಿ. ಅವನ್ನು ಸ್ಕ್ಯಾನ್ ಮಾಡಿ ಬೇರೆ ಊರಿನ ನೆಂಟರ ಬಳಿಯೂ ಒಂದು ಪ್ರತಿ ಇಡುವುದು ಲೇಸು. ಮನೆಯ ಒಳಹೊರಗು, ಕೊಟ್ಟಿಗೆ, ಪಂಪ್‌ಸೆಟ್ಟು, ದನದ ಕಿವಿಯ ಹನ್ನೆರಡಂಕಿಯ ಓಲೆ, ಎಲ್ಲದರ ಫೋಟೊ ಇರಲಿ. ಹೊರಡುವಾಗ ದನ ಕಟ್ಟಿಹಾಕಿ ಹೋಗಬಾರದು. ಒಯ್ಯಲಾಗದಿದ್ದರೆ ಕಣ್ಣಿ ಬಿಚ್ಚಿ ಬಿಡಬೇಕು. ಜಿಲ್ಲಾ ವಿಪತ್ತು ಯೋಜನೆಯಲ್ಲಿ ನಿಮ್ಮ ಊರಿಗೆ ಯಾವ ಆಸರೆ ಕೇಂದ್ರ ಗುರುತಿಸಲಾಗಿದೆ ಎಂಬುದನ್ನು ಹತ್ತು ರೂಪಾಯಿಯ ಮಾಹಿತಿ ಹಕ್ಕು ಅರ್ಜಿಯಲ್ಲಿ ಕೇಳಬಹುದು. ಮೂವತ್ತು ದಿನದಲ್ಲಿ ಉತ್ತರ ಬರಬೇಕು.

ಇನ್ನು ಹಣದ ಮಾತು. ರಾಜ್ಯ ವಿಪತ್ತು ಪರಿಹಾರ ನಿಧಿಯ ಪಟ್ಟಿಯಲ್ಲಿ ಬೆಂಕಿಯೂ ಒಂದು ವಿಪತ್ತು. 2022-23ರಿಂದ 2025-26ರ ಅವಧಿಗೆ ಕೇಂದ್ರ ನಿಗದಿ ಮಾಡಿದ ದರದಂತೆ ಸಾವಿಗೆ 4 ಲಕ್ಷ, ಬಯಲು ಪ್ರದೇಶದಲ್ಲಿ ಪೂರ್ತಿ ಹಾಳಾದ ಮನೆಗೆ 1.20 ಲಕ್ಷ, ಹಸು ಅಥವಾ ಎಮ್ಮೆಗೆ 37,500, ಕುರಿ ಮೇಕೆಗೆ 4,000 ರೂಪಾಯಿ. ಶೇ 33 ಅಥವಾ ಅದಕ್ಕಿಂತ ಹೆಚ್ಚು ಹಾನಿಯಾದ ಬಹುವಾರ್ಷಿಕ ಬೆಳೆಗೆ ಹೆಕ್ಟೇರಿಗೆ 22,500, ಅದೂ ಎರಡು ಹೆಕ್ಟೇರಿನ ಮಿತಿಯಲ್ಲಿ. ಏಳೂವರೆ ಮೀಟರ್ ಅಂತರದ ತೆಂಗಿನ ತೋಟದಲ್ಲಿ ಹೆಕ್ಟೇರಿಗೆ ಸುಮಾರು 175 ಮರ. ಲೆಕ್ಕ ಹಾಕಿದರೆ ಮರಕ್ಕೆ ನೂರಮೂವತ್ತು ರೂಪಾಯಿಯೂ ಬೀಳದು. ಬಯಲಿನ ರೈತ ಹೆಚ್ಚಾಗಿ ಕಳೆದುಕೊಳ್ಳುವ ಹುಲ್ಲಿನ ಬಣವೆಗಂತೂ ಆ ಪಟ್ಟಿಯಲ್ಲಿ ಪ್ರತ್ಯೇಕ ದರವೇ ಇಲ್ಲ. ಇದು ಗ್ರಾಮಸಭೆಗಳು ನಿರ್ಣಯ ಮಾಡಿ ಸರ್ಕಾರಕ್ಕೆ ಕೇಳಲೇಬೇಕಾದ ವಿಷಯ.

ಈ ಅಷ್ಟಿಷ್ಟು ಸಿಗುವುದೂ ಮಹಜರಿನಿಂದ. ಗ್ರಾಮ ಆಡಳಿತ ಅಧಿಕಾರಿ ಬಂದು ಮಹಜರು ಬರೆಯುವ ತನಕ ಸುಟ್ಟದ್ದನ್ನು ಗುಡಿಸಿ ತೆಗೆಯಬಾರದು. ಸತ್ತ ದನಕ್ಕೆ ಪಶುವೈದ್ಯರ ಮರಣೋತ್ತರ ಪರೀಕ್ಷಾ ವರದಿ, ವಿಮೆಯಿದ್ದರೆ ಅಗ್ನಿಶಾಮಕ ಇಲಾಖೆಯ ವರದಿ ಬೇಕು. ತಹಶೀಲ್ದಾರರಿಗೆ ಕೊಟ್ಟ ಅರ್ಜಿಗೆ ಸ್ವೀಕೃತಿ ಪಡೆಯದೆ ಬರಬಾರದು. ವಿದ್ಯುತ್ ತಂತಿಯ ಕಿಡಿಯಿಂದ ಬೆಂಕಿ ಹೊತ್ತಿದ್ದರೆ ಮೆಸ್ಕಾಂಗೂ ವಿದ್ಯುತ್ ಪರಿವೀಕ್ಷಕರಿಗೂ ಬರೆದು ತಿಳಿಸಬೇಕು. ಹರಿದು ಬಿದ್ದ ತಂತಿಯಿಂದಾದ ಸಾವಿಗೆ ನಿರ್ಲಕ್ಷ್ಯ ಸಾಬೀತಾಗದಿದ್ದರೂ ವಿದ್ಯುತ್ ಮಂಡಳಿಯೇ ಹೊಣೆ ಎಂದು ಸುಪ್ರೀಂ ಕೋರ್ಟ್ 2002ರಲ್ಲಿ ಶೈಲಕುಮಾರಿ ಪ್ರಕರಣದಲ್ಲಿ ಹೇಳಿದೆ.

ಪೊಲೀಸ್ ಠಾಣೆ ತನ್ನ ವ್ಯಾಪ್ತಿಯಲ್ಲ ಎಂದು ದೂರುದಾರರನ್ನು ವಾಪಸ್ ಕಳಿಸುವಂತಿಲ್ಲ. ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮು ಎಲ್ಲೇ ನಡೆದ ಸಂಜ್ಞೇಯ ಅಪರಾಧಕ್ಕೂ ದೂರು ಪಡೆಯಲು ಹೇಳುತ್ತದೆ, ಪ್ರತಿಯನ್ನು ಉಚಿತವಾಗಿ ಕೊಡಬೇಕೆನ್ನುತ್ತದೆ. ನಿರಾಕರಿಸಿದರೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರಿಗೆ ಬರೆಯಬಹುದು. ವಕೀಲರ ಶುಲ್ಕದ ಚಿಂತೆ ಬೇಡ: ಸಾಮೂಹಿಕ ವಿಪತ್ತಿನ ಸಂತ್ರಸ್ತರಿಗೆ ಆದಾಯ ಎಷ್ಟೇ ಇರಲಿ, 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನಡಿ ವಕೀಲರ ನೆರವು ಉಚಿತ. ಅದನ್ನು ಕೇಳಲು ಕರೆ ಮಾಡಬೇಕಾದ ಸಂಖ್ಯೆ 15100.